ಇಬ್ಬರು ಗಂಡಸರು, ಒಂದು ಡಬಲ್ ರೂಮು

ಬೆಂಗಳೂರಿನಲ್ಲಿ ಜೊತೆಯಾಗಿ ಸಂಸಾರ ಹೂಡಿರುವ ಇಬ್ಬರು ಗಂಡಸರ ದಿನಚರಿ ಉಳಿದ ಸಂಸಾರಗಳದ್ದಕ್ಕಿಂತ ರೋಚಕವಾದದ್ದೇನಲ್ಲ. ಹಾಲು, ಕಸ, ಕರೆಂಟ್ ಬಿಲ್ಲು, ನೀರಿನ ಟ್ಯಾಂಕರು, ಗೀಸರ್ ಆಫ್ ಮಾಡದೆ ಆಫೀಸಿಗೆ ಹೋದವರು ಯಾರು ಎಂಬ ವಿಚಾರಣೆ, ಎಲ್ಲವೂ ಅವೇ. ವ್ಯತ್ಯಾಸ ಇರುವುದು ಒಂದೇ ಕಡೆ. ತಮ್ಮ ಸಂಬಂಧವನ್ನು ಮುಚ್ಚಿಡಲು ಇವರು ಪಡಬೇಕಾದ ಶ್ರಮದ ಬಹುಪಾಲನ್ನು ಮನೆ ಮಾಲೀಕರು, ನೆರೆಹೊರೆಯವರು, ನೆಂಟರು, ಹೋಟೆಲಿನವರು, ಕೊನೆಗೆ ರೈಲ್ವೆ ಇಲಾಖೆಯವರೂ ತಾವಾಗಿಯೇ ವಹಿಸಿಕೊಂಡುಬಿಟ್ಟಿದ್ದಾರೆ. ಯಾರೂ ಕೇಳಿಕೊಂಡಿಲ್ಲ, ಯಾರೂ ಸಂಬಳ ಕೊಟ್ಟಿಲ್ಲ.

ಬಾಡಿಗೆ ಮನೆ ಹಿಡಿಯುವಲ್ಲಿಂದಲೇ ಈ ಸೇವೆ ಶುರು. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡಿನಲ್ಲಿ ‘ಫ್ಯಾಮಿಲಿಗೆ ಮಾತ್ರ’ ಎಂದಿರುತ್ತದೆ. ಇವರು ಫ್ಯಾಮಿಲಿಯೇ. ಆದರೆ ಹಾಗೆಂದರೆ ಮನೆ ಸಿಗುವುದಿಲ್ಲ, ಬ್ಯಾಚುಲರ್ ಎಂದರೂ ಸಿಗುವುದಿಲ್ಲ. ಆಗ ಬ್ರೋಕರ್ ನಡುವೆ ಬಾಯಿ ಹಾಕುತ್ತಾನೆ: “ಇಬ್ಬರೂ ಸಾಫ್ಟ್‌ವೇರು ಸಾರ್, ಡೀಸೆಂಟ್ ಹುಡುಗ್ರು.” ಮಾಲೀಕರು ಅಡ್ವಾನ್ಸಿನ ಮೊತ್ತ ಹೇಳಿ, 11 ತಿಂಗಳ ಅಗ್ರಿಮೆಂಟಿನಲ್ಲಿ ಬರೆಯದ ಷರತ್ತೊಂದನ್ನು ದನಿ ತಗ್ಗಿಸಿ ಸೇರಿಸುತ್ತಾರೆ: “ನೋಡ್ರಪ್ಪಾ, ಹುಡುಗೀರ್ನೆಲ್ಲ ಕರ್ಕೊಂಡ್ ಬರೋ ಹಾಗಿಲ್ಲ.” ಇಬ್ಬರೂ ಮನಃಪೂರ್ವಕವಾಗಿ ಮಾತು ಕೊಡುತ್ತಾರೆ. ಈ ಕರಾರನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಬಾಡಿಗೆದಾರರು ಇಡೀ ಬಡಾವಣೆಯಲ್ಲಿ ಬೇರೊಬ್ಬರಿರಲಾರರು. ಎರಡು ವರ್ಷ ಕಳೆಯುವುದರೊಳಗೆ ಮಾಲೀಕರು ತಮ್ಮ ಮಗನಿಗೆ ಇವರನ್ನೇ ತೋರಿಸಿ ಬುದ್ಧಿ ಹೇಳಲು ಆರಂಭಿಸಿರುತ್ತಾರೆ.

ಮಾದರಿಗೆ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಒಬ್ಬ ಮಂಡ್ಯದ ಕಡೆಯವನು, ಇನ್ನೊಬ್ಬ ಧಾರವಾಡದವನು. ಎರಡು ಬೆಡ್‌ರೂಮು, ಎರಡು ಮಂಚ. ಎರಡನೇ ಮಂಚದ ಮೇಲೆ ಯಾರೂ ಮಲಗಿದ ದಾಖಲೆಯಿಲ್ಲ. ಅಲ್ಲಿರುವುದು ಇಸ್ತ್ರಿಗೆ ಕಾದಿರುವ ಬಟ್ಟೆ, ಎರಡು ಸೂಟ್‌ಕೇಸು, ಕೆಟ್ಟ ಮಿಕ್ಸಿ ಮತ್ತು ವ್ಯಾಯಾಮ ಮಾಡಬೇಕೆಂದು ತಂದ ಡಂಬೆಲ್ಸು. ಊರಿಂದ ತಂದೆತಾಯಿ ಹೊರಟರೆಂಬ ಫೋನು ಬಂದ ತಕ್ಷಣ ಇವೆಲ್ಲ ಅಟ್ಟ ಸೇರಿ, ಮಂಚಕ್ಕೆ ಹೊಸ ಬೆಡ್‌ಶೀಟು ಬೀಳುತ್ತದೆ. ಬೆಡ್‌ಶೀಟು ತೀರಾ ಗರಿಗರಿಯಾಗಿ ಕಂಡರೆ ಅನುಮಾನ ಬರುತ್ತದೆಂದು ಅದರ ಮೇಲೆ ಒಬ್ಬ ನಾಲ್ಕು ಸಲ ಹೊರಳಾಡಿ ಏಳುವುದೂ ಉಂಟು. ಗೋಡೆಯ ಮೇಲಿನ ಫೋಟೋಗಳಲ್ಲಿ ಕೆಲವು ಕಪಾಟಿಗೆ ಹೋಗುತ್ತವೆ. 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ, ಕನ್ನಡದ ಇಂಥ ಎಲ್ಲ ಮನೆಗಳಲ್ಲೂ ಇರುವಂತೆ ಇಲ್ಲಿಯೂ ಇದ್ದು, ಬೆನ್ನು ಗೋಡೆಗೆ ಮಾಡಿ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿಯೂ ಬಚ್ಚಲಿನಲ್ಲಿ ಒಂದೇ ಲೋಟದೊಳಗೆ ಎರಡು ಬ್ರಷ್ಷು ಉಳಿದುಬಿಡುತ್ತವೆ. ತಾಯಿ ಅದನ್ನು ನೋಡಿ, ‘ಇಷ್ಟು ದುಡೀತೀರಿ, ಇನ್ನೊಂದು ಲೋಟ ತರಕ್ಕೆ ಏನು?’ ಎಂದು ಕೇಳಿ ಮರುದಿನ ಸ್ಟೀಲ್ ಅಂಗಡಿಗೆ ಹೋಗಿ ತಂದಿಡುತ್ತಾರೆ.

ಮನೆಯ ಸತ್ಯ ಮೊದಲು ತಿಳಿಯುವುದು ಕೆಲಸಕ್ಕೆ ಬರುವ ಅಕ್ಕನಿಗೆ. ದಿನವೂ ಹಾಸಿಗೆ ಕೊಡವುವವರಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಅವರು ಆ ವಿಷಯ ಎತ್ತುವುದೂ ಇಲ್ಲ. ಒಬ್ಬ ಊರಿಗೆ ಹೋಗಿ ನಾಲ್ಕು ದಿನವಾದಾಗ ಮಾತ್ರ ಉಳಿದವನ ಮುಖ ನೋಡಿ, “ಅಣ್ಣ ಯಾವಾಗ್ ಬರ್ತಾರೆ? ನೀವು ಸರಿಯಾಗಿ ಊಟಾನೇ ಮಾಡ್ತಿಲ್ಲ” ಎಂದು ಗದರಿ ಪಾತ್ರೆ ತೊಳೆಯಲು ಹೋಗುತ್ತಾರೆ. ಹಾಗೆ ನೋಡಿದರೆ ಈ ಸಂಬಂಧವನ್ನು ಮೊದಲು ಮಾನ್ಯ ಮಾಡುವುದು ಅಡುಗೆಮನೆಯ ಸಿಂಕು.

ವಿಷಯ ತಿಳಿದ ಗೆಳೆಯರಿಗೆ ಇರುವ ಕುತೂಹಲ ಬೇರೆ. ‘ನಿಮ್ಮಲ್ಲಿ ಅಡುಗೆ ಯಾರು ಮಾಡೋದು?’ ಎಂದು ಸುತ್ತಿ ಬಳಸಿ ಕೇಳುತ್ತಾರೆ. ಕೇಳುತ್ತಿರುವುದು ಅಡುಗೆಯ ಬಗ್ಗೆ ಅಲ್ಲ, ಇಬ್ಬರಲ್ಲಿ ಹೆಂಡತಿ ಯಾರು ಎಂದು. ಉತ್ತರ ಕೇಳಿ ನಿರಾಶರಾಗುತ್ತಾರೆ. ಮಂಡ್ಯದವನು ಮುದ್ದೆ ತೊಳಸುತ್ತಾನೆ, ಧಾರವಾಡದವನು ಅದನ್ನು ಮುಟ್ಟುವುದಿಲ್ಲ. ಧಾರವಾಡದವನಿಗೆ ಜೋಳದ ರೊಟ್ಟಿ ಬೇಕು, ಆದರೆ ಬಡಿಯಲು ಬರುವುದಿಲ್ಲ. ಊರಿಂದ ಬರುವ ಕಡಕ್ ರೊಟ್ಟಿಯ ಕಟ್ಟು ಮತ್ತು ಶೇಂಗಾ ಚಟ್ನಿಪುಡಿಯ ಡಬ್ಬಿ ಮುಗಿದ ದಿನ ಮನೆಯಲ್ಲಿ ರಾಜಕೀಯ ಬಿಕ್ಕಟ್ಟು. “ಅದೇನ್ ಗುಂಡು ನುಂಗ್ತೀಯಪಾ ದಿನಾ” ಎಂದು ಒಬ್ಬ, “ಹಪ್ಪಳ ತಿಂದ್ರೆ ಹೊಟ್ಟೆ ತುಂಬ್ತದಾ?” ಎಂದು ಇನ್ನೊಬ್ಬ. ಜಾತಿ, ಧರ್ಮ, ಲಿಂಗ ಎಲ್ಲ ಮೀರಿ ಒಂದಾದವರು ಬಸ್ಸಾರಿನ ಮುಂದೆ ಸೋತ ಉದಾಹರಣೆಗಳಿವೆ.

ನೆರೆಹೊರೆಯವರ ಪಾಲಿಗೆ ಇವರು ವಯಸ್ಸು ನಲವತ್ತು ದಾಟಿದರೂ ‘ಹುಡುಗರು’. ಹೆಣ್ಣಿಲ್ಲದ ಮನೆಯೆಂಬ ಮರುಕ ಅಪಾರವಾದದ್ದು, ಲಾಭದಾಯಕವೂ ಹೌದು. ಯುಗಾದಿಗೆ ಒಬ್ಬಟ್ಟು, ಸಂಕ್ರಾಂತಿಗೆ ಎಳ್ಳುಬೆಲ್ಲ, ನಡುವೆ ಮಿಕ್ಕ ಹುಳಿ, ಎಲ್ಲವೂ ಎದುರು ಮನೆಯಿಂದ ಬರುತ್ತದೆ. ವರಮಹಾಲಕ್ಷ್ಮಿಯ ಅರಿಶಿನ ಕುಂಕುಮಕ್ಕೆ ಮಾತ್ರ ಕರೆಯುವುದು ಯಾರನ್ನು ಎಂದು ತಿಳಿಯದೆ ಈ ಬಾಗಿಲನ್ನು ದಾಟಿ ಮುಂದಿನ ಮನೆಗೆ ಹೋಗುತ್ತಾರೆ. ಸರ್ಕಾರಕ್ಕೂ ಇದೇ ಗೊಂದಲ. ಕರ್ನಾಟಕದ ಐದು ಗ್ಯಾರಂಟಿಗಳಲ್ಲಿ ಇಂಥ ಮನೆಗೆ ನೇರವಾಗಿ ಒದಗುವುದು ಗೃಹಜ್ಯೋತಿಯ ಉಚಿತ ವಿದ್ಯುತ್ತು. 2023ರಲ್ಲಿ ಬಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಗೆ. ಇಲ್ಲಿ ಇಬ್ಬರು ಯಜಮಾನರಿದ್ದಾರೆ, ಯಜಮಾನಿ ಇಲ್ಲ. ಅದೇ ವರ್ಷ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ. ಗಂಡ ಹೆಂಡತಿ ಧರ್ಮಸ್ಥಳಕ್ಕೆ ಹೊರಟರೆ ಒಂದು ಟಿಕೆಟ್ಟಿನ ಖರ್ಚು, ಇವರು ಹೊರಟರೆ ಎರಡರದು. ಸಲಿಂಗ ಸಂಸಾರ ದುಬಾರಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಕೋರ್ಟುಗಳ ಮಾತನ್ನು ಬೇಗ ಮುಗಿಸಬಹುದು. ದಂಡ ಸಂಹಿತೆಯ 377ನೇ ಕಲಮನ್ನು ದೆಹಲಿ ಹೈಕೋರ್ಟು 2009ರ ಜುಲೈ 2ರಂದು ಸಡಿಲಿಸಿತು, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಮತ್ತೆ ಬಿಗಿ ಮಾಡಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರ ಪೀಠ ಆ ಬಿಗಿಯನ್ನು ಬಿಚ್ಚಿತು. ಒಂದೇ ಮಂಚದ ಮೇಲೆ ಮಲಗಿದ್ದವರು ಒಂಬತ್ತು ವರ್ಷದಲ್ಲಿ ನಿರಪರಾಧಿಗಳಾಗಿ, ಅಪರಾಧಿಗಳಾಗಿ, ಮರಳಿ ನಿರಪರಾಧಿಗಳಾದರು. ಬೆಳಿಗ್ಗೆ ಹಾಲು ತರುವವರು ಯಾರು ಎಂಬ ವ್ಯಾಜ್ಯ ಮಾತ್ರ ಅಷ್ಟೂ ಕಾಲ ಇತ್ಯರ್ಥವಾಗದೆ ಉಳಿಯಿತು. ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ, ಅದು ಶಾಸನಸಭೆಯ ಕೆಲಸ ಎಂದಿತು. 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಇಂಥವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಅಡ್ಡಿಯಿಲ್ಲ ಎಂಬುದು ದೆಹಲಿಯಿಂದ ಬ್ಯಾಂಕಿನ ಕೌಂಟರಿಗೆ ಬರಲು ಸಮಯ ಹಿಡಿಯುತ್ತದೆ. ಅಲ್ಲಿ ‘ಸಂಬಂಧ’ ಎಂಬ ಕಾಲಮ್ಮಿನೆದುರು ಪೆನ್ನು ತಡೆಯುತ್ತದೆ. ಕೌಂಟರಿನವರೇ ಸಹಾಯಕ್ಕೆ ಬಂದು, “ಕಸಿನ್ ಅಂತ ಹಾಕ್ಬಿಡಿ ಸಾರ್” ಎನ್ನುತ್ತಾರೆ.

ಕಸಿನ್ ಎಂಬುದು ಆಸ್ಪತ್ರೆ, ಅಪಾರ್ಟ್‌ಮೆಂಟಿನ ಗೇಟು, ಮದುವೆ ಮನೆ ಎಲ್ಲ ಕಡೆ ಚಲಾವಣೆಯಲ್ಲಿರುವ ನಾಣ್ಯ. ಆದರೆ ಕರ್ನಾಟಕದಲ್ಲಿ ಯಾರೂ ಅಷ್ಟಕ್ಕೆ ಬಿಡುವುದಿಲ್ಲ. ಯಾವ ಕಡೆಯಿಂದ ಕಸಿನ್ನು ಎಂದು ಕೇಳುತ್ತಾರೆ. ಮನೆತನದ ಹೆಸರು ಬೇರೆ ಇರುವುದರಿಂದ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಎನ್ನುವಂತಿಲ್ಲ. ಆದ್ದರಿಂದ ‘ಸೋದರಮಾವನ ಮಗ’ ಎಂದು ಹೇಳಿ ಪಾರಾಗುತ್ತಾರೆ. ಇದರ ಸ್ವಾರಸ್ಯ ಹೇಳಿದವರಿಗೂ ಮನೆಗೆ ಬಂದ ಮೇಲೆ ಹೊಳೆಯುತ್ತದೆ. ಈ ನಾಡಿನಲ್ಲಿ ಹೆಣ್ಣು ಕೊಟ್ಟು ತರಲು ಮೊದಲ ಹಕ್ಕು ಇರುವ ಸಂಬಂಧವೆಂದರೆ ಸೋದರಮಾವನ ಮಕ್ಕಳದ್ದೇ. ಮುಚ್ಚಿಡಲು ಹೇಳಿದ ಸುಳ್ಳು ಸೀದಾ ಹಸೆಮಣೆಯ ಪಕ್ಕಕ್ಕೆ ಹೋಗಿ ನಿಂತಿರುತ್ತದೆ. ಗೋಕರ್ಣದಲ್ಲಿ ಅರ್ಚನೆ ಮಾಡಿಸುವಾಗ ಪುರೋಹಿತರು ಹೆಸರು, ನಕ್ಷತ್ರ, ಗೋತ್ರ ಕೇಳಿ, ಗೋತ್ರ ಬೇರೆ ಬೇರೆ ಎಂದು ಗೊತ್ತಾದ ಮೇಲೂ ಇಬ್ಬರನ್ನೂ ಒಂದೇ ಸಂಕಲ್ಪದಲ್ಲಿ ಸೇರಿಸಿ, ಕುಟುಂಬದ ಕ್ಷೇಮ, ಸ್ಥೈರ್ಯ, ಆಯುಸ್ಸು ಎಲ್ಲವನ್ನೂ ಒಟ್ಟಿಗೇ ಬೇಡಿಬಿಡುತ್ತಾರೆ. ಸುಪ್ರೀಂ ಕೋರ್ಟಿನಲ್ಲಿ ಸಿಗದದ್ದು ದಕ್ಷಿಣೆ ತಟ್ಟೆಗೆ ಸಿಕ್ಕಂತಾಗುತ್ತದೆ. ಸಗೋತ್ರವೆಂಬ ಆಕ್ಷೇಪಣೆಯಂತೂ ಇಲ್ಲವೇ ಇಲ್ಲ.

ಗೋಕರ್ಣಕ್ಕೆ ಬಂದ ಮೇಲೆ ಪ್ರವಾಸದ ವಿಷಯ ಆರಂಭವಾದಂತೆಯೇ. ಭಾರತದೊಳಗೆ ತಿರುಗಾಡಲು ಇಬ್ಬರು ಗಂಡಸರಿಗೆ ಇರುವಷ್ಟು ಅನುಕೂಲ ಬೇರೆ ಯಾವ ಪ್ರೇಮಿಗಳಿಗೂ ಇಲ್ಲ. ಮದುವೆಯಾಗದ ಹುಡುಗ ಹುಡುಗಿ ಲಾಡ್ಜಿನ ಮುಂದೆ ನಿಂತರೆ ಆಧಾರ್ ಕಾರ್ಡಿನ ವಿಳಾಸ ಹೋಲಿಸುತ್ತಾರೆ, ತಾಳಿ ಇದೆಯೇ ಎಂದು ಕತ್ತು ನೋಡುತ್ತಾರೆ. ಇವರಿಗೆ ಕೀಲಿ ಕೈಗಿಟ್ಟು, ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಎಂದಷ್ಟೇ ಹೇಳುತ್ತಾರೆ. ರೈಲ್ವೆ ಇಲಾಖೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಆರ್‌ಎಸಿ ಟಿಕೆಟ್ಟು ಸಿಕ್ಕರೆ, ಸೈಡ್ ಲೋಯರ್ ಬರ್ತೊಂದರಲ್ಲಿ ಇಬ್ಬರು ಗಂಡಸರು ಒಂದೇ ಕಿಟಕಿ ಹಂಚಿಕೊಂಡು ರಾತ್ರಿ ಕಳೆಯುವುದಕ್ಕೆ ಇಲಾಖೆಯೇ ಚಾರ್ಟು ಹಾಕಿ ಅನುಮತಿ ಕೊಡುತ್ತದೆ. 2018ಕ್ಕೆ ಎಷ್ಟೋ ಮೊದಲಿಂದ ಇದು ನಡೆದುಬಂದಿದೆ. ಒಂದೇ ತೊಡಕೆಂದರೆ ಇಲಾಖೆ ಸಂಗಾತಿಗಳನ್ನು ಬಿಡಿಸಿ, ಒಬ್ಬೊಬ್ಬರಿಗೂ ಗೊರಕೆ ಹೊಡೆಯುವ ಅಪರಿಚಿತನೊಬ್ಬನನ್ನು ಜೋಡಿ ಮಾಡುವುದೂ ಇದೆ.

ಆದರೆ ಈ ಉದಾರತೆಗೆ ಒಂದು ಮಿತಿಯಿದೆ: ಮಂಚ. ಇಬ್ಬರು ಗಂಡಸರು ಒಂದೇ ಕೋಣೆಯಲ್ಲಿರುವುದು ಸಹಜ, ಒಂದೇ ಮಂಚದಲ್ಲಿರುವುದು ಹೋಟೆಲಿನವರ ಪಾಲಿಗೆ ಸೇವಾ ನ್ಯೂನತೆ. ಮಡಿಕೇರಿಯದೋ ಸಕಲೇಶಪುರದ್ದೋ ರಿಸೆಪ್ಷನ್ನಿನಲ್ಲಿ ನಡೆಯುವ ಮಾತುಕತೆ ಹೆಚ್ಚೂ ಕಡಿಮೆ ಹೀಗೆ:

“ಸಾರಿ ಸರ್, ಟ್ವಿನ್ ಬೆಡ್ ರೂಮ್ ಖಾಲಿ ಇಲ್ಲ. ಡಬಲ್ ಕಾಟ್ ಒಂದೇ ಇರೋದು.”

“ಪರವಾಗಿಲ್ಲ.”

“ಎಕ್ಸ್‌ಟ್ರಾ ಬೆಡ್ ಹಾಕಿಸ್ತೀನಿ ಸರ್.”

“ಬೇಡ, ಅಡ್ಜಸ್ಟ್ ಮಾಡ್ಕೋತೀವಿ.”

“ಅಯ್ಯೋ, ನಮ್ಮದೇ ತಪ್ಪು ಸರ್. ಚಾರ್ಜ್ ಏನೂ ಹಾಕಲ್ಲ.”

ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿದ ಸದ್ದು. ರೂಮ್ ಬಾಯ್ ತಲೆಯ ಮೇಲೆ ಸುತ್ತಿದ ಹಾಸಿಗೆ ಹೊತ್ತು ನಿಂತಿರುತ್ತಾನೆ. ಅದನ್ನು ಮಂಚ ಮತ್ತು ಟೀವಿ ಸ್ಟ್ಯಾಂಡಿನ ನಡುವಿನ ಜಾಗದಲ್ಲಿ ಬಿಚ್ಚಿ, ಮೇಲೊಂದು ಬಿಳಿ ಹೊದಿಕೆ ಎಳೆದು, ದಿಂಬನ್ನು ಎರಡು ಸಲ ತಟ್ಟಿ, “ಈಗ ಆರಾಮಾಗಿ ಮಲಗ್ಬಹುದು ಸರ್” ಎಂದು ಹಾರೈಸಿ ಹೋಗುತ್ತಾನೆ. ಅಲ್ಲಿಂದ ಮುಂದೆ ಬಚ್ಚಲಿಗೆ ಹೋಗಬೇಕಾದರೆ ಹಾಸಿಗೆ ತುಳಿದೇ ಹೋಗಬೇಕು. ಬೆಳಿಗ್ಗೆ ಕೋಣೆ ಬಿಡುವ ಮುನ್ನ ಅದರ ಹೊದಿಕೆ ಕೆದರಿ, ದಿಂಬಿಗೊಂದು ತಗ್ಗು ಮಾಡುವ ಕೆಲಸವೂ ಇರುತ್ತದೆ. ಹುಡುಗ ಅಷ್ಟು ಕಷ್ಟಪಟ್ಟು ಹೊತ್ತು ತಂದದ್ದು ವ್ಯರ್ಥವಾಯಿತೆಂದು ಅವನಿಗೆ ಅನಿಸಬಾರದಲ್ಲ.

ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಹಾಸಿಗೆಯ ಸಮಸ್ಯೆ ಕಡಿಮೆ, ಮಾತಿನ ಸಮಸ್ಯೆ ಹೆಚ್ಚು. ಕಡುಬು, ಕೆಸುವಿನ ಪತ್ರೊಡೆ ಎಲ್ಲ ಮುಗಿದ ಮೇಲೆ ಯಜಮಾನರು ಜಗಲಿಯಲ್ಲಿ ಕವಳದ ತಟ್ಟೆ ಹಿಡಿದು ಕೂರುತ್ತಾರೆ. ಊರು, ಕೆಲಸ, ಸಂಬಳದ ಅಂದಾಜು ಮುಗಿದು ಪ್ರಶ್ನೆ ಮನೆಯವರ ಮೇಲೆ ಬರುತ್ತದೆ. ಇಬ್ಬರಿಗೂ ಮದುವೆಯಾಗಿಲ್ಲ ಎಂದು ತಿಳಿದಾಗ ಅವರು ಹಣೆ ಚಚ್ಚಿಕೊಳ್ಳುವುದಿಲ್ಲ. ಒಳಗೆ ಕಿವಿ ಕೊಟ್ಟಿರುವ ಹೆಂಡತಿಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ, “ಪುಣ್ಯ ಮಾಡಿದೀರಿ ಮಾರಾಯ್ರೆ” ಎನ್ನುತ್ತಾರೆ. ಒಳಗಿನಿಂದ ಬರುವ ದನಿ ಬೇರೆ: “ಎರಡು ರೂಮಿಗೆ ಯಾಕೆ ದುಡ್ಡು ಕೊಡ್ತೀರಿ, ಒಂದರಲ್ಲೇ ಇರಿ. ಕಂಬಳಿ ಒಂದೇ ಸಾಕಾಗ್ತದೆ.” ಇದು ಮುಗ್ಧತೆಯೋ ಜಾಣತನವೋ ಪತ್ತೆಯಾಗುವುದಿಲ್ಲ. ಬೆಳಿಗ್ಗೆ ನೀರುದೋಸೆಗೆ ಜೇನುತುಪ್ಪ ಬಡಿಸುವಾಗಲೂ ಅವರ ಮುಖ ಏನನ್ನೂ ಬಿಟ್ಟುಕೊಡುವುದಿಲ್ಲ.

ವಿದೇಶದ ವಿಷಯ ಬಂದಾಗ ಉಳಿದವರು ಹವಾಮಾನ ನೋಡುತ್ತಾರೆ, ಇವರು ದಂಡ ಸಂಹಿತೆ ನೋಡುತ್ತಾರೆ. 377 ಎಂಬ ಸಂಖ್ಯೆಯೇ ಮಹಾ ಪ್ರವಾಸಿ. ಮೆಕಾಲೆಯ ಕರಡಿನ ಬೆನ್ನಿಗೆ 1860ರಲ್ಲಿ ಭಾರತದಲ್ಲಿ ಶಾಸನವಾದ ಸಂಹಿತೆಯೊಂದಿಗೆ ಹೊರಟು, ಬ್ರಿಟಿಷರು ಹೋದಲ್ಲೆಲ್ಲ ವೀಸಾ ಇಲ್ಲದೆ ಇಳಿದು, ಮಲೇಷ್ಯಾ, ಬರ್ಮಾ, ಸಿಂಗಪುರಗಳಲ್ಲಿ ಅದೇ ಅಂಕಿ ಹೊತ್ತು ನೆಲೆಸಿತು. ಶ್ರೀಲಂಕಾದಲ್ಲಿ ಮಾತ್ರ 365 ಎಂದು ಹೆಸರು ಬದಲಿಸಿಕೊಂಡಿತು. ತವರಿನಲ್ಲಿ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದಾಗ ಅದರ ಹೆಸರೇ ಇಲ್ಲವಾದರೂ ಹೊರಗಿನ ಶಾಖೆಗಳು ಕೆಲವು ಇನ್ನೂ ತೆರೆದಿವೆ. ಸಿಂಗಪುರ ತನ್ನ 377ಎ ಕಲಮನ್ನು 2022ರ ನವೆಂಬರಿನಲ್ಲಿ ಸಂಸತ್ತಿನಲ್ಲಿ ತೆಗೆಯಿತು, ಮಾರಿಷಸ್ಸಿನ ಸುಪ್ರೀಂ ಕೋರ್ಟು ಅಲ್ಲಿನ ಇಂಥದ್ದೇ ಕಾನೂನನ್ನು 2023ರ ಅಕ್ಟೋಬರಿನಲ್ಲಿ ಹೊಡೆದುಹಾಕಿತು. ಮಲೇಷ್ಯಾದಲ್ಲಿ, ಮಾಲ್ಡೀವ್ಸ್‌ನಲ್ಲಿ ಅಪರಾಧ ಅಪರಾಧವಾಗಿಯೇ ಇದೆ. ಮಾಲ್ಡೀವ್ಸ್‌ನ ಸಂಗತಿ ಸ್ವಲ್ಪ ವಿಚಿತ್ರ. ನೀರಿನ ಮೇಲೆ ಕುಟೀರ ಕಟ್ಟಿ, ಹಾಸಿಗೆಯ ಮೇಲೆ ಟವೆಲಿನಲ್ಲಿ ಹಂಸ ಮಾಡಿಟ್ಟು, ಹನಿಮೂನಿಗೆಂದೇ ಮಾರಾಟವಾಗುವ ದೇಶವದು. ಅಲ್ಲಿಗೆ ಈ ಜೋಡಿ ಹೋಗಬೇಕಾದರೆ ಹಂಸಗಳಷ್ಟೇ ಜೋಡಿಯಾಗಿ ಕೂತಿರಬೇಕು.

ಎಲ್ಲ ಸೇರಿಸಿ ಕಳೆದಾಗ ಬೆರಳು ನಿಲ್ಲುವುದು ಥಾಯ್ಲೆಂಡಿನ ಮೇಲೆ. 2025ರ ಜನವರಿ 23ರಿಂದ ಅಲ್ಲಿ ಯಾರು ಯಾರನ್ನು ಬೇಕಾದರೂ ಮದುವೆಯಾಗಬಹುದು. ಆಗ್ನೇಯ ಏಷ್ಯಾದಲ್ಲಿ ಮೊದಲನೆಯ ದೇಶ ಅದು. ಏಷ್ಯಾಕ್ಕೆ ಮೊದಲನೆಯದು 2019ರ ತೈವಾನ್. ಆದರೆ ಮನೆಯಲ್ಲಿ ಬ್ಯಾಂಕಾಕ್ ಎಂದ ಕೂಡಲೇ ಬೇರೊಂದು ಬಿರುಗಾಳಿ ಏಳುತ್ತದೆ. ಇಬ್ಬರು ಮದುವೆಯಾಗದ ಗಂಡಸರು ಬ್ಯಾಂಕಾಕಿಗೆ ಏಕೆ ಹೋಗುತ್ತಾರೆಂದು ಮಂಡ್ಯದಲ್ಲೂ ಗೊತ್ತು, ಧಾರವಾಡದಲ್ಲೂ ಗೊತ್ತು. ತಂದೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಾರೆ. ತಾಯಿ ಫೋನಿನಲ್ಲಿ, “ಅಲ್ಲಿ ಹೆಂಗಸರ ಸಹವಾಸ ಸರಿ ಇಲ್ಲ ಅಂತಾರಪ್ಪಾ, ಹುಷಾರು” ಎಂದು ಕಣ್ಣೀರು ತುಂಬಿಕೊಳ್ಳುತ್ತಾರೆ. ಆ ತಾಯಿಯ ಆತಂಕಕ್ಕೆ ಇಷ್ಟು ಗಟ್ಟಿಯಾದ ಪರಿಹಾರ ಕೈಯಲ್ಲಿದ್ದೂ ಹೇಳಲಾಗದಿರುವುದು ಮಗನ ಸಂಕಟ. ಹೀಗಾಗಿ ಮುಂದಿನ ಬಾರಿ ಊರಿನವರಿಗೆ ಕಾಠ್ಮಂಡು ಎಂದು ಹೇಳಲಾಗುತ್ತದೆ. ಪಶುಪತಿನಾಥ, ಮುಕ್ತಿನಾಥ ಎಂದರೆ ಯಾರೂ ಮಾತಾಡುವುದಿಲ್ಲ. ರುದ್ರಾಕ್ಷಿ ತರಲು ಪಟ್ಟಿ ಕೊಡುತ್ತಾರೆ. 2023ರ ನವೆಂಬರ್ 29ರಂದು ಅದೇ ನೇಪಾಳದ ಲಮ್ಜುಂಗ್ ಜಿಲ್ಲೆಯಲ್ಲಿ ದೇಶದ ಮೊದಲ ಇಂಥ ಮದುವೆ ನೋಂದಣಿಯಾದ ಸುದ್ದಿ ಊರಿನ ಪೇಪರಿನಲ್ಲಿ ಬಂದಿದ್ದರೂ ಪಂಚಾಂಗದ ಪುಟದ ಕೆಳಗೆ ಬಂದಿರಬೇಕು.

ಹೊರಗೆ ಮದುವೆಯಾಗಿ ಬರುವವರೂ ಇದ್ದಾರೆ. ಬ್ಯಾಂಕಾಕಿನಲ್ಲಿ ಗಂಡಂದಿರಾಗಿ ವಿಮಾನ ಹತ್ತಿ, ಸುಮಾರು ನಾಲ್ಕು ಗಂಟೆ ಆಕಾಶದಲ್ಲಿದ್ದು, ಕೆಂಪೇಗೌಡ ನಿಲ್ದಾಣದಲ್ಲಿ ಬ್ರಹ್ಮಚಾರಿಗಳಾಗಿ ಇಳಿಯುತ್ತಾರೆ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರಿನ ಕೆಳಗೆ ಬಾಳಸಂಗಾತಿಯ ಹೆಸರಿಗೆ ಬಿಟ್ಟಿರುವ ಸಾಲು ಖಾಲಿಯೇ ಉಳಿಯುತ್ತದೆ. ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. 2001ರಲ್ಲೇ ಇಂಥ ಮದುವೆಗೆ ಒಪ್ಪಿದ ಆಮ್‌ಸ್ಟರ್‌ಡ್ಯಾಮಿನ ಬೀದಿಯಲ್ಲಿ ಇಬ್ಬರು ಗಂಡಸರು ಕೈ ಹಿಡಿದು ನಡೆದರೆ ಅದು ಘೋಷಣೆ. ನೋಡಿದವರಿಗೆಲ್ಲ ವಿಷಯ ತಿಳಿಯುತ್ತದೆ, ಆದ್ದರಿಂದ ಇವರು ನಾಚಿ ಕೈ ಬಿಡುತ್ತಾರೆ. ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡಿನಲ್ಲಿ ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು, ಹೆಗಲ ಮೇಲೆ ಕೈ ಹಾಕಿಕೊಂಡು, ಒಂದೇ ಗ್ಲಾಸಿನ ಚಹಾವನ್ನು ಇಬ್ಬರು ಕುಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಜೋಗದಲ್ಲಿ ಫೋಟೋ ತೆಗೆಯಲು ಫೋನು ಕೊಟ್ಟರೆ ದಾರಿಹೋಕರೇ, “ಹಂಗ್ಯಾಕ್ ದೂರ ನಿಂತೀರಿ, ಜಗಳ ಆಗೇದೇನು? ಕೈ ಹಾಕ್ರೀ ಹೆಗಲ ಮ್ಯಾಲೆ” ಎಂದು ಸರಿಪಡಿಸುತ್ತಾರೆ.

ಪ್ರವಾಸ ಮುಗಿದ ಮೇಲೆ ಉಳಿಯುವುದು ಒಗೆಯುವ ಬಟ್ಟೆ ಮತ್ತು ಲೆಕ್ಕ. ಬಟ್ಟೆ ಮೆಷಿನ್ನಿಗೆ ಹೋಗುತ್ತದೆ. ಲೆಕ್ಕ ಮಾತ್ರ ಅಷ್ಟು ಸಲೀಸಲ್ಲ. ಗಂಡ ಹೆಂಡತಿಗೆ ಬಂಗಾರದ ಚೈನು ಕೊಟ್ಟರೆ ಅದು ಪ್ರೀತಿ. ಇವರಲ್ಲಿ ಒಬ್ಬ ಇನ್ನೊಬ್ಬನಿಗೆ ವರ್ಷದಲ್ಲಿ 50,000 ರೂಪಾಯಿ ದಾಟಿದ ಬಂಗಾರವನ್ನೋ ದುಡ್ಡನ್ನೋ ಕೊಟ್ಟರೆ ಆದಾಯ ತೆರಿಗೆಯ ಕಣ್ಣಿಗೆ ಅದು ಪರಕೀಯನಿಂದ ಬಂದ ವರಮಾನ. ಹಳೇ ತೆರಿಗೆ ಪದ್ಧತಿಯಲ್ಲಿ ನಾಲ್ಕು ವರ್ಷದ ಒಂದು ಬ್ಲಾಕಿನಲ್ಲಿ ಎರಡು ಸಲ ಸಿಗುವ ಎಲ್‌ಟಿಎ ವಿನಾಯಿತಿಯೂ ನೌಕರ, ಆತನ ಪತಿ ಅಥವಾ ಪತ್ನಿ, ಮಕ್ಕಳು, ಅವಲಂಬಿತ ತಂದೆತಾಯಿ ಮತ್ತು ಒಡಹುಟ್ಟಿದವರಿಗೆ ಮಾತ್ರ. ಸೋದರಮಾವನ ಮಗನಿಗೂ ಅಲ್ಲಿ ಜಾಗವಿಲ್ಲ. ಆದ್ದರಿಂದ ಒಂದೇ ರೈಲಿನ ಒಂದೇ ಪ್ರಯಾಣಕ್ಕೆ ಎರಡು ಬೇರೆ ಟಿಕೆಟ್ಟು ತೆಗೆದು, ಎರಡು ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಎರಡು ಬಿಲ್ಲು ಹೋಗುತ್ತವೆ. ಎರಡೂ ಕಡೆಯ ಗುಮಾಸ್ತರು ಬಿಲ್ಲಿಗೆ ಸೀಲು ಹಾಕುತ್ತಾ, ಪಾಪ, ಈ ಮನುಷ್ಯ ಪ್ರತಿ ಸಲವೂ ಒಬ್ಬನೇ ತಿರುಗಾಡುತ್ತಾನೆ, ಯಾರಾದರೂ ಒಂದು ಹೆಣ್ಣು ನೋಡಬಾರದೇ ಎಂದುಕೊಳ್ಳುತ್ತಾರೆ. ಮಂಡ್ಯದವನ ಕಚೇರಿಯ ಗುಮಾಸ್ತರು ತಮ್ಮ ನಾದಿನಿಯ ಜಾತಕವನ್ನೇ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಧಾರವಾಡದವನು ಅದನ್ನು ನೋಡಿ, ಹತ್ತರಲ್ಲಿ ಎಂಟು ಕೂಟ ಕೂಡುತ್ತವೆ ಎಂದಿದ್ದಾನೆ.